ದುಡ್ಡು ಕೊಟ್ಟು ಬೆವರು ಸುರಿಸಬೇಕಾ?

ಕಳೆದ ಸಂಚಿಕೆಯಲ್ಲಿ ಸೈಕಲ್ ಚೈನಿಗೆ ಎಣ್ಣೆ ಹಾಕುವುದು ಹೇಗೆ ಎಂದು ಎರಡು ಕಾಲಂ ಬರೆದಿದ್ದೆ. ಅದಕ್ಕೆ ಬಂದದ್ದು ಎರಡೇ ಪತ್ರ. ಕೊನೆಯಲ್ಲಿ, ಮುಂದಿನ ಭಾನುವಾರ ಒಂದು ಸೈಕಲ್ ಈವೆಂಟಿಗೆ ದುಡ್ಡು ಕಟ್ಟಿದ್ದೇನೆ ಎಂದು ಸುಮ್ನೆ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೆ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಎಲ್ಲರ ಸಿಟ್ಟೂ ಎಂಟ್ರಿ ಫೀ ಮೇಲೆ. ಹಾಗಾಗಿ ಈ ಸಲ ಎಣ್ಣೆ, ಗೇರು, ಸೀಟಿನ ಎತ್ತರ ಎಲ್ಲ ಪಕ್ಕಕ್ಕೆ.

ಪ್ರಶ್ನೆ: ಸೈಕಲ್ಲು ನನ್ನದು, ತುಳಿಯುವ ಕಾಲು ನನ್ನದು, ರಸ್ತೆ ಎಲ್ಲರದ್ದು. ನೂರು ಕಿಲೋಮೀಟರ್ ತುಳಿಯಲು ಇನ್ನೊಬ್ಬರಿಗೆ ಯಾಕೆ ದುಡ್ಡು ಕೊಡಬೇಕು? ನನ್ನ ಗೆಳೆಯರು ವರ್ಷಕ್ಕೆ ಆರೇಳು ಈವೆಂಟಿಗೆ ಹೋಗುತ್ತಾರೆ. ನನಗಂತೂ ದಂಡ ಅನಿಸುತ್ತದೆ.

ನಾನೂ ಇದೇ ಮಾತು ಆಡಿದವನೇ. ಸೈಕಲ್ ಹಿಡಿದ ಮೊದಲ ಐದು ವರ್ಷ ಒಂದು ಪೈಸೆ ಕಟ್ಟಲಿಲ್ಲ. ಆಮೇಲೆ ಜೊತೆಯವರ ಕಾಟಕ್ಕೆ ಒಂದು ನೂರು ಕಿಲೋಮೀಟರ್ ರೈಡಿಗೆ ಹೆಸರು ಕೊಟ್ಟೆ. ಗೊಣಗುತ್ತಲೇ ಹೋದೆ. ಬೆಳಗ್ಗೆ ಚಳಿಯಲ್ಲಿ ಸಾಲಿನಲ್ಲಿ ನಿಂತು ನಂಬರ್ ಚೀಟಿ ಇಸಕೊಂಡಾಗಲೂ ಗೊಣಗುತ್ತಿದ್ದೆ.

ನಲವತ್ತನೇ ಕಿಲೋಮೀಟರಿನ ಹತ್ತಿರ ಒಂದು ದೊಡ್ಡ ಜಂಕ್ಷನ್ ಬಂತು. ನಾಲ್ಕೂ ಕಡೆಯಿಂದ ಲಾರಿ. ಅಭ್ಯಾಸಬಲದಿಂದ ಬ್ರೇಕ್ ಹಿಡಿದು, ಪೆಡಲಿಗೆ ಸಿಕ್ಕಿಸಿದ್ದ ಶೂ ಕ್ಲಿಪ್ ಬಿಡಿಸಿ, ಕಾಲು ಊರಲು ಸಿದ್ಧನಾದೆ. ಮಧ್ಯದಲ್ಲಿ ಒಬ್ಬರು ವಯಸ್ಸಾದವರು ನಿಂತಿದ್ದರು. ಒಂದು ಕೈಯಲ್ಲಿ ಕೆಂಪು ಬಾವುಟ, ಬಾಯಲ್ಲಿ ಸೀಟಿ. ಲಾರಿಗಳನ್ನು ತಡೆದು ನನ್ನ ಕಡೆ ಕೈ ಬೀಸಿದರು: 'ನಿಲ್ಲಬೇಡ, ನಡಿ, ನಡಿ!' ನಾನು ಪೆಡಲ್ ನಿಲ್ಲಿಸದೇ ದಾಟಿಬಿಟ್ಟೆ. ಅಷ್ಟು ವರ್ಷದಲ್ಲಿ ಅಂಥ ಜಂಕ್ಷನ್ನನ್ನು ಕಾಲು ಊರದೆ ದಾಟಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಗಂಟಲು ಕಟ್ಟಿತ್ತು. ಗೊಣಗಾಟ ಅಲ್ಲಿಗೆ ನಿಂತಿತು.

ನೀವು ದುಡ್ಡು ಕೊಡುವುದು ರಸ್ತೆಗಲ್ಲ, ಆ ಬಾವುಟದ ಮನುಷ್ಯನಿಗೆ. ಅವರು ಸಂಬಳವಿಲ್ಲದೆ ನಿಂತಿದ್ದರೂ ಅವರನ್ನು ಅಲ್ಲಿಗೆ ಕರೆತರಲು, ಕೈಗೊಂದು ವಾಕಿಟಾಕಿ ಕೊಡಲು, ಅನುಮತಿ ಪತ್ರ ತರಲು, ಹಿಂದೊಂದು ಆಂಬುಲೆನ್ಸ್ ನಿಲ್ಲಿಸಲು ಖರ್ಚಿದೆ. ಮುಂದೊಮ್ಮೆ ಒಂದು ಸಣ್ಣ ರೈಡಿನ ಲೆಕ್ಕದ ಪುಸ್ತಕ ಬರೆಯುವ ಕೆಲಸ ನನ್ನ ತಲೆಗೇ ಬಂತು. ಆಗ ಕಣ್ಣು ಬಿಟ್ಟೆ. ಖರ್ಚಿನಲ್ಲಿ ಎರಡು ಜಾತಿ. ಟೀ ಶರ್ಟು, ಮೆಡಲ್ಲು, ನೀರು, ನಂಬರ್ ಚೀಟಿ ತಲೆಗಿಷ್ಟು ಎಂದು ಏರುತ್ತವೆ. ಆಂಬುಲೆನ್ಸು, ವಿಮೆ, ಅನುಮತಿ, ಟೈಮಿಂಗ್ ಯಂತ್ರ ಹಾಗಲ್ಲ. ಎಂಬತ್ತು ಜನ ಬಂದರೂ ಎಂಟುನೂರು ಜನ ಬಂದರೂ ಆಂಬುಲೆನ್ಸಿನ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿಯೇ ಸಣ್ಣ ಈವೆಂಟಿನ ಫೀ ಕೆಲವೊಮ್ಮೆ ದೊಡ್ಡದಕ್ಕಿಂತ ಜಾಸ್ತಿ ಇರುತ್ತದೆ. ಅದನ್ನು ನೋಡಿ 'ಇವರು ಲೂಟಿ ಹೊಡೀತಿದ್ದಾರೆ' ಅಂದವರಲ್ಲಿ ನಾನೂ ಒಬ್ಬ. ಆ ವರ್ಷ ಲೆಕ್ಕ ಮುಗಿಸಿದಾಗ ಕೈಯಿಂದ ಹಾಕಿದ್ದು ನಾವೇ.

ಹಾಗಂತ ಎಲ್ಲ ಈವೆಂಟಿಗೂ ಓಡಿ ಎಂದು ಹೇಳುತ್ತಿಲ್ಲ. ನಾನು ಕೇಳುವುದು ಒಂದೇ: ದಾರಿಯಲ್ಲಿ ಯಾರು ನಿಂತಿರುತ್ತಾರೆ? ನಾಳೆ ನಾನೊಬ್ಬನೇ ಅಲ್ಲಿಗೆ ಹೋದರೂ ಇದೇ ದಾರಿ, ಇದೇ ಟ್ರಾಫಿಕ್ ಇರುವುದಾದರೆ ದುಡ್ಡು ಕಟ್ಟುವುದಿಲ್ಲ. ದೊಡ್ಡ ಘಾಟಿ ರಸ್ತೆಯನ್ನು ಅರ್ಧ ದಿನ ವಾಹನಗಳಿಗೆ ಮುಚ್ಚುತ್ತಾರಾ? ಹಿಂದೆ ಮುಂದೆ ನೋಡದೆ ಕಟ್ಟುತ್ತೇನೆ. ಫ್ರಾನ್ಸಿನಲ್ಲಿ 1993ರಿಂದ ನಡೆಯುತ್ತಿರುವ ಎತಾಪ್ ದ್ಯು ಟೂರ್ ನೋಡಿ. ಟೂರ್ ದೆ ಫ್ರಾನ್ಸಿನ ಒಂದು ಹಂತದ ರಸ್ತೆಯನ್ನು ಮುಚ್ಚಿ, ನಮ್ಮಂಥ ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. ಸಾವಿರಾರು ಜನ ಏರುತ್ತಾರೆ. ಎದುರಿನಿಂದ ಒಂದು ಕಾರೂ ಬರದ ಘಾಟಿ ಇಳಿಜಾರು ಎಂಥದ್ದು ಅಂತ ನಿಮಗೆ ನಾನು ವಿವರಿಸಬೇಕಿಲ್ಲ ಅಲ್ವಾ? ಅದನ್ನು ನೀವು ಒಬ್ಬರೇ ಹೋಗಿ ಮಾಡಿಕೊಳ್ಳಲು ಆಗುವುದಿಲ್ಲ.

ಇನ್ನು, ವರ್ಷಕ್ಕೆ ಆರೇಳು ಜಾಸ್ತಿಯೇ ಆಯಿತು. ಫೀ ಒಂದನ್ನೇ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಹೋಗಿ ಬರುವ ಖರ್ಚು, ಹಿಂದಿನ ರಾತ್ರಿಯ ರೂಮು, ಸೈಕಲ್ ಸಾಗಿಸುವ ತಾಪತ್ರಯ ಎಲ್ಲ ಕೂಡಿಸಿದರೆ ಫೀ ಅದರಲ್ಲಿ ಸಣ್ಣ ಪಾಲು. ನಾನು ವರ್ಷಕ್ಕೆ ಎರಡಕ್ಕೆ ನಿಲ್ಲಿಸುತ್ತೇನೆ. ಉಳಿದ ಭಾನುವಾರ ಪುಕ್ಕಟೆ.

ಪ್ರಶ್ನೆ: ಹಿಂದಿನ ತಿಂಗಳು ದುಬಾರಿ ಫೀ ಕಟ್ಟಿ ಮೋಸ ಹೋದೆ. ಮೊದಲೇ ಗುರುತಿಸುವುದು ಹೇಗೆ?

ನನ್ನದೊಂದು ಕೇಳಿ. ಹೆಸರು ಬೇಡ. ಪೋಸ್ಟರ್ ಅದ್ಭುತ, ವೇದಿಕೆ ಅದ್ಭುತ, ಸ್ಪೀಕರ್ ಕಿವಿ ಹರಿಯುವಷ್ಟು. ಅರುವತ್ತನೇ ಕಿಲೋಮೀಟರಿನಲ್ಲಿ ಒಂದು ಬಾಣದ ಗುರುತು ಗಾಳಿಗೆ ತಿರುಗಿಕೊಂಡಿತ್ತು. ಕಂಬಕ್ಕೆ ಒಂದೇ ಟ್ಯಾಗಿನಿಂದ ಕಟ್ಟಿದ್ದರು, ಮೇಲೆ ಮಾತ್ರ. ಕೆಳಗೊಂದು ಕಟ್ಟಿದ್ದರೆ ತಿರುಗುತ್ತಿರಲಿಲ್ಲ. ನಾವು ಮೂವತ್ತು ನಲವತ್ತು ಜನ ತಪ್ಪು ದಾರಿ ಹಿಡಿದೆವು. ಕೆಲವರಿಗೆ ಎಂಟು ಕಿಲೋಮೀಟರ್ ಆದ ಮೇಲೆ ಅನುಮಾನ ಬಂತು. ನಂಬರ್ ಚೀಟಿಯ ಮೇಲಿದ್ದ ಸಹಾಯವಾಣಿಗೆ ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಹೇಗೋ ವಾಪಸು ಬಂದಾಗ ವೇದಿಕೆ ಬಿಚ್ಚುತ್ತಿದ್ದರು. ಒಬ್ಬ ಹುಡುಗ ಬಂದು ಕೊರಳಿಗೆ ಮೆಡಲ್ ಹಾಕಿ 'ಅಭಿನಂದನೆ ಸರ್' ಎಂದ. ಪಾಪ, ಅವನ ತಪ್ಪೇನಿದೆ?

ಅಂದಿನಿಂದ ದುಡ್ಡು ಕಟ್ಟುವ ಮುಂಚೆ ಆಯೋಜಕರಿಗೆ ಫೋನ್ ಮಾಡಿ ಮೂರು ಮಾತು ಕೇಳುತ್ತೇನೆ. ಆಂಬುಲೆನ್ಸ್ ಎಷ್ಟು, ಎಲ್ಲೆಲ್ಲಿ? ದಾರಿಯ ಜಿಪಿಎಸ್ ಫೈಲ್ ಯಾವತ್ತು ಕೊಡುತ್ತೀರಿ? ಕಟ್ಟಕಡೆಯ ಸವಾರನ ಹಿಂದೆ ಯಾರಿರುತ್ತಾರೆ? ರಸ್ತೆ ತಿಳಿದವರು ತಡವರಿಸದೇ ಹೇಳುತ್ತಾರೆ. 'ಅದೆಲ್ಲ ನಮ್ಮ ಟೀಮ್ ನೋಡಿಕೊಳ್ಳುತ್ತೆ ಸರ್' ಎಂದರೆ ಫೋನ್ ಇಟ್ಟುಬಿಡಿ. ಹಿಂದಿನ ವರ್ಷ ಹೋಗಿಬಂದವರನ್ನು ಕೇಳುವುದಾದರೆ ಮುಂದೆ ಬಂದವರನ್ನು ಕೇಳಬೇಡಿ. ಅವರು ಬಂದಾಗ ಎಲ್ಲ ಸರಿಯಾಗೇ ಇರುತ್ತದೆ. ಕೊನೆಯ ಹತ್ತು ಜನರಲ್ಲಿ ಒಬ್ಬರನ್ನು ಹಿಡಿದು, ನೀರು ಉಳಿದಿತ್ತಾ ಅಂತ ಕೇಳಿ.

ಪ್ರಶ್ನೆ: ಮೆಡಲ್, ಟೀ ಶರ್ಟು ಬೇಡ, ಫೀ ಕಡಿಮೆ ಮಾಡಿ ಎಂದು ಕೇಳಬಹುದಾ?

ಖಂಡಿತ ಕೇಳಿ. ಕೆಲವರು ಆ ಆಯ್ಕೆ ಕೊಡುತ್ತಾರೆ. ನನ್ನ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ತುಂಬ ಮೆಡಲ್ ಇದೆ. ಒಂದು ಮಾತ್ರ ಉಪಯೋಗದಲ್ಲಿದೆ: ಗಾಳಿಗೆ ಕಿಟಕಿ ಬಡಿದುಕೊಳ್ಳದಂತೆ ಅದನ್ನು ಸಂದಿಗೆ ಸಿಕ್ಕಿಸಿದ್ದೇವೆ. ಟೀ ಶರ್ಟುಗಳ ಕತೆ ಇನ್ನೂ ಕಷ್ಟ. ಬಹುಪಾಲು ಪಾಲಿಯೆಸ್ಟರು. ಚೈನ್ ಒರೆಸೋಣ ಅಂದರೂ ಗ್ರೀಸ್ ಹೀರುವುದಿಲ್ಲ, ಸುಮ್ನೆ ಆಚೆಯಿಂದ ಈಚೆಗೆ ಬಳಿಯುತ್ತದೆ.

ಪ್ರಶ್ನೆ: ಬ್ರೆವೆ ಎಂಬ ರೈಡುಗಳ ಫೀ ತುಂಬ ಕಡಿಮೆ ಇರುತ್ತದಂತೆ. ಅಲ್ಲಿ ಏನು ಸಿಗುತ್ತದೆ?

ಹೆಚ್ಚೇನೂ ಸಿಗುವುದಿಲ್ಲ. ಅದಕ್ಕೇ ನನಗೆ ಇಷ್ಟ.

ಬ್ರೆವೆಯಲ್ಲಿ ಮುಚ್ಚಿದ ರಸ್ತೆ ಇಲ್ಲ, ಬಾವುಟದವರಿಲ್ಲ, ಹೆಚ್ಚಿನ ಕಡೆ ಬಾಣದ ಗುರುತೂ ಇಲ್ಲ. ಒಂದು ಕಾರ್ಡ್ ಕೊಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಕಂಟ್ರೋಲ್ ಎಂಬ ಜಾಗಗಳಿರುತ್ತವೆ, ಅಲ್ಲಿ ಸೀಲ್ ಹಾಕಿಸಿಕೊಳ್ಳಬೇಕು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ, ಅಷ್ಟರೊಳಗೆ ಮುಗಿಸಬೇಕು. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು. ಹಿಂದೆ ಕಾರಿನಲ್ಲಿ ಮನೆಯವರು ಬರುವ ಹಾಗಿಲ್ಲ. ಕಂಟ್ರೋಲ್‌ನಲ್ಲಿ ಮಾತ್ರ ಅವರು ಕೈ ನೀಡಬಹುದು. ಫಸ್ಟ್ ಸೆಕೆಂಡ್ ಎಂಬುದೂ ಇಲ್ಲ. 1904ರಲ್ಲಿ ಹುಟ್ಟಿದ ಪ್ಯಾರಿಸಿನ ಸೈಕಲ್ ಸಂಘ ಒದಾಕ್ಸ್ ಕ್ಲಬ್ ಪಾರಿಸಿಯಾ 1921ರಲ್ಲಿ ಈ ಪದ್ಧತಿ ಶುರು ಮಾಡಿತು. ನೂರು ವರ್ಷ ದಾಟಿದರೂ ಚಾಳಿ ಬಿಟ್ಟಿಲ್ಲ, ಇವತ್ತಿಗೂ ಅದೇ ಕಾರ್ಡು, ಅದೇ ಸೀಲು.

ಇದರ ದೊಡ್ಡಣ್ಣ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1200 ಕಿಲೋಮೀಟರ್, ಗರಿಷ್ಠ 90 ಗಂಟೆ, ನಾಲ್ಕು ವರ್ಷಕ್ಕೊಮ್ಮೆ. ಹೋಗಬೇಕೆಂದರೆ ಅದೇ ವರ್ಷ 200, 300, 400, 600 ನಾಲ್ಕನ್ನೂ ಮುಗಿಸಿರಬೇಕು. 1891ರಲ್ಲಿ ಇದು ರೇಸ್ ಆಗಿ ಶುರುವಾದಾಗ ಗೆದ್ದ ಶಾರ್ಲ್ ತೆರ‍್ರೋಂ 71 ಗಂಟೆ ಚಿಲ್ಲರೆಯಲ್ಲಿ ವಾಪಸು ಬಂದಿದ್ದ. ಆ ಕಾಲದ ಸೈಕಲ್ಲು, ಆ ಕಾಲದ ರಸ್ತೆ! ನನಗೆ 600 ದಾಟಿ ಮುಂದೆ ಹೋಗಲು ಧೈರ್ಯ ಬಂದಿಲ್ಲ. ಹೆಂಡತಿ ಬೇಡ ಅಂದಳು ಎಂದು ಎಲ್ಲರ ಮುಂದೆ ಹೇಳುತ್ತೇನೆ. ಅವಳು ಏನೂ ಅಂದಿಲ್ಲ.

ಒಂದು 400ರ ಬ್ರೆವೆಯಲ್ಲಿ ತುಳಿಯದೆ, ಕಂಟ್ರೋಲ್‌ನಲ್ಲಿ ಇನ್ನೊಬ್ಬರ ಜೊತೆ ಸೀಲ್ ಹಾಕಲು ಕೂತಿದ್ದೆ. ರಾತ್ರಿ ಎರಡು ಗಂಟೆ. ಒಂದು ಮೇಜು, ಒಂದು ದೀಪ, ದೀಪದ ತುಂಬ ಹುಳ. ದೂರದಲ್ಲಿ ಸಣ್ಣ ಬೆಳಕು ಕಂಡರೆ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ಒಬ್ಬ ಬಂದು ಕಾರ್ಡ್ ಕೊಡಲು ಹೋದ. ಪ್ಲಾಸ್ಟಿಕ್ ಕವರಿನಿಂದ ತೆಗೆಯಲು ಅವನ ಕೈಲಿ ಆಗುತ್ತಿಲ್ಲ. ಹಗಲಿಡೀ ಹ್ಯಾಂಡಲ್ ಹಿಡಿದು ಕಿರುಬೆರಳು, ಉಂಗುರ ಬೆರಳು ಎರಡೂ ಮರಗಟ್ಟಿದ್ದವು. ನಾನೇ ಕವರ್ ಬಿಚ್ಚಿ ಸೀಲ್ ಹಾಕಿದೆ. ಒದ್ದೆಯಾಗಿದ್ದ ಕಾರ್ಡಿನ ಮೇಲೆ ಮಸಿ ಹರಡಿತು. ಅವನು ಆ ಹರಡಿದ ಮಸಿಯನ್ನೇ ನೋಡುತ್ತಾ 'ಆಯ್ತಲ್ಲ, ಓದೋಕೆ ಬರುತ್ತಲ್ಲ?' ಎಂದು ಎರಡೆರಡು ಸಲ ಕೇಳಿದ. ಬರುತ್ತೆ ಅಂದೆ. ಹತ್ತು ನಿಮಿಷ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಎದ್ದು ಹೋದ. ಅವನು ಕಟ್ಟಿದ ಸಣ್ಣ ಫೀಗೆ ಸಿಕ್ಕಿದ್ದು ಇಷ್ಟೇ: ಆ ಹೊತ್ತಿನಲ್ಲಿ ಇಬ್ಬರು ಎಚ್ಚರವಾಗಿ ಕೂತಿದ್ದರು.

ಹೊಸಬರು ನೇರ ಬ್ರೆವೆಗೆ ಹೋಗಬೇಡಿ. ರಾತ್ರಿ ಒಬ್ಬರೇ ಟ್ಯೂಬ್ ಬದಲಿಸಲು ಬಂದರೆ ಹೋಗಿ.

ಪ್ರಶ್ನೆ: ಮನೆ ಹತ್ತಿರ ತುಳಿದರೆ ನೂರು ಕಿಲೋಮೀಟರಿಗೆ ನಾಲ್ಕೂವರೆ ಗಂಟೆ. ಈವೆಂಟಿನಲ್ಲಿ ನಾಲ್ಕೇ ಗಂಟೆ! ಫೀ ಕಟ್ಟಿದರೆ ಕಾಲಿಗೂ ಹುಮ್ಮಸ್ಸು ಬರುತ್ತದೆಯೇ?

ಹುಮ್ಮಸ್ಸು ಒಂದು ಚೂರು ಬಂದಿರಬಹುದು. ಉಳಿದದ್ದೆಲ್ಲ ಮುಂದಿನವರ ಬೆನ್ನಿನ ಪುಣ್ಯ.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಇಪ್ಪತ್ತೈದು ಮೂವತ್ತರ ವೇಗದಲ್ಲಿ ನೀವು ತುಳಿಯುವುದರಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಶೇಕಡಾ 10 ಏರಿಸಿದರೆ ಗಾಳಿಗೆ ಬೇಕಾದ ಶಕ್ತಿ ಶೇಕಡಾ 33ರಷ್ಟು ಏರುತ್ತದೆ. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಹತ್ತಿರ ಅಂಟಿಕೊಂಡರೆ ನಿಮ್ಮ ಶ್ರಮದಲ್ಲಿ ಕಾಲು ಭಾಗ, ಕೆಲವೊಮ್ಮೆ ಮೂರರಲ್ಲಿ ಒಂದು ಭಾಗ ಉಳಿತಾಯ ಆಗುತ್ತದೆ. ಅದರ ಮೇಲೆ ಸಿಗ್ನಲ್ಲಿಲ್ಲ, ನಾಯಿಯಿಲ್ಲ, ಹಾರ್ನ್ ಇಲ್ಲ. ಅರ್ಧ ಗಂಟೆ ಉಳಿಯದೇ ಇನ್ನೇನು?

ಆದರೆ ಇದಕ್ಕೆ ಅಭ್ಯಾಸ ಬೇಕು. ಗುಂಪಿನಲ್ಲಿ ಬೀಳುವುದು ಒಂದೇ ತರಹ: ನಿಮ್ಮ ಮುಂದಿನ ಚಕ್ರ, ಎದುರಿಗಿದ್ದವರ ಹಿಂದಿನ ಚಕ್ರದ ಪಕ್ಕಕ್ಕೆ ನುಸುಳಿರುತ್ತದೆ. ಅವರು ಗುಂಡಿ ತಪ್ಪಿಸಲು ಚೂರು ಪಕ್ಕಕ್ಕೆ ಸರಿಯುತ್ತಾರೆ. ಚಕ್ರಕ್ಕೆ ಚಕ್ರ ತಾಗುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಬೀಳುವುದು ನೀವು. ನನ್ನ ಎಡ ಮೊಣಕೈ ಪೂರ್ತಿ ನೇರ ಆಗದಿರುವುದಕ್ಕೆ ಕಾರಣ ಇದೇ. ಅರ್ಧ ಗಂಟೆ ಉಳಿಸಲು ಹೋಗಿ ಆರು ವಾರ ಕಳೆದೆ.

ಪ್ರಶ್ನೆ: ನನಗೆ ಐವತ್ತೆಂಟು. ಕೊನೆಯವಳಾದರೆ ಎಲ್ಲರೂ ನಗುತ್ತಾರೆ ಎಂಬ ಭಯ. ದುಡ್ಡು ಕಟ್ಟಿ ಅವಮಾನ ಯಾಕೆ ಅಂತ ಮಕ್ಕಳು ಅನ್ನುತ್ತಾರೆ.

ಮಕ್ಕಳನ್ನೂ ಕರೆದುಕೊಂಡು ಹೋಗಿ. ಕೊನೆಯಲ್ಲಿ ಯಾರು ಬರುತ್ತಾರೋ ನೋಡೋಣ.

ಕೊನೆಯವರ ಹಿಂದೆ ಸ್ವೀಪ್ ಗಾಡಿ ಬರುತ್ತದೆ, ಅಂದರೆ ಗುಡಿಸುವ ಗಾಡಿ. ಟೂರ್ ದೆ ಫ್ರಾನ್ಸಿನಲ್ಲಿ 1910ರಲ್ಲಿ, ಪಿರನೀಸ್ ಬೆಟ್ಟಗಳನ್ನು ಮೊದಲ ಸಲ ದಾರಿಗೆ ಸೇರಿಸಿದ ವರ್ಷ, ಸುಸ್ತಾಗಿ ಬಿಟ್ಟವರನ್ನು ಹತ್ತಿಸಿಕೊಳ್ಳಲು ಇದು ಶುರುವಾಯಿತು. ಆಮೇಲೆ ಎಷ್ಟೋ ಕಾಲ ಆ ಗಾಡಿಗೆ ನಿಜವಾದ ಪೊರಕೆಯನ್ನೇ ಕಟ್ಟಿಕೊಂಡು ಓಡಿಸುತ್ತಿದ್ದರು. ನಾನು ಎರಡು ಸಲ ಇಂಥ ಗಾಡಿ ಹತ್ತಿದ್ದೇನೆ. ಒಳಗೆ ಕೂತವರಷ್ಟು ತಮಾಷೆಯ ಜನ ನನಗೆ ಫಿನಿಷ್ ಲೈನಿನಲ್ಲಿ ಸಿಕ್ಕಿಲ್ಲ.

ಭಯಪಡಬೇಕಾದದ್ದು ಕಟಾಫ್ ಲೆಕ್ಕಕ್ಕೆ, ಅಂದರೆ ರೈಡ್ ಮುಗಿಸಲು ಕೊಟ್ಟ ಗಡುವಿಗೆ. 100 ಕಿಲೋಮೀಟರಿಗೆ 6 ಗಂಟೆ ಎಂದರೆ ಸರಾಸರಿ 17 ಕೂಡ ಬೇಡ, ಆರಾಮ ಅನಿಸುತ್ತದೆ. ನಿಲ್ಲುವ ಹೊತ್ತನ್ನೂ ಅದರಲ್ಲೇ ಕಳೆಯಬೇಕು. ಹತ್ತು ಹತ್ತು ನಿಮಿಷ ಐದು ಸಲ ನಿಂತರೆ ಉಳಿಯುವುದು 5 ಗಂಟೆ 10 ನಿಮಿಷ. ಆಗ ತುಳಿಯುವಾಗೆಲ್ಲ ಹತ್ತೊಂಬತ್ತರ ಮೇಲೆ ಇರಬೇಕು. ನಿಧಾನ ತುಳಿಯಿರಿ, ಕಡಿಮೆ ನಿಲ್ಲಿ.

ಪ್ರಶ್ನೆ: ಜ್ವರ ಬಂದು ಹೋಗಲಾಗಲಿಲ್ಲ. ಫೀ ವಾಪಸು ಕೊಡುವುದಿಲ್ಲವಂತೆ. ಇದು ನ್ಯಾಯವೇ? ಮುಂದಿನ ಸಲ ನನ್ನ ನಂಬರನ್ನು ತಮ್ಮನಿಗೆ ಕೊಟ್ಟುಬಿಡಲೇ?

ಮೊದಲನೆಯದು. ಆಂಬುಲೆನ್ಸ್ ಬಾಡಿಗೆ ನಿಮ್ಮ ಜ್ವರದಿಂದ ಕಡಿಮೆ ಆಗುವುದಿಲ್ಲ. ಆದರೂ ತಿಂಗಳು ಮೊದಲೇ ಹೇಳಿದರೆ ಸ್ವಲ್ಪವಾದರೂ ಹಿಂತಿರುಗಿಸಬೇಕು, ಇಲ್ಲವೇ ಮುಂದಿನ ವರ್ಷಕ್ಕೆ ಹಾಕಬೇಕು. ಅಷ್ಟೂ ಮಾಡದವರ ಹತ್ತಿರ ನಾನು ಹೋಗುವುದಿಲ್ಲ. ರದ್ದಾದರೆ ಏನು ಎಂಬ ಸಾಲನ್ನೂ ಓದಿ. ಕೇಪ್ ಟೌನಿನ ಸೈಕಲ್ ಟೂರ್ 1978ರಲ್ಲಿ, ಸೈಕಲ್ಲಿಗೆ ಬೇರೆ ದಾರಿ ಬೇಕು ಎಂಬ ಬೇಡಿಕೆಯಿಂದ ಹುಟ್ಟಿದ್ದು. ಈಗ ಹತ್ತಾರು ಸಾವಿರ ಜನ ಸೇರುವ ದೊಡ್ಡ ಹಬ್ಬ. 2017ರಲ್ಲಿ ಬೆಳಗ್ಗೆ ಎಂಥ ಗಾಳಿ ಬೀಸಿತೆಂದರೆ ಸೈಕಲ್ಲುಗಳು ಸವಾರರ ಕೈಯಿಂದ ಹಾರುತ್ತಿದ್ದವು. ಅಂದೇ ರದ್ದು ಮಾಡಿದರು. ನನ್ನ ಮಟ್ಟಿಗೆ ಅದು ಒಳ್ಳೆಯ ಆಯೋಜನೆ. ಅಷ್ಟು ಜನರ ಎದುರು ನಿಂತು ಬೇಡ ಎನ್ನುವುದಕ್ಕೆ ಗಟ್ಟಿ ಎದೆ ಬೇಕು.

ಎರಡನೆಯದು: ಬೇಡ. ನಾನು ಮಾಡಿ ಅನುಭವಿಸಿದ್ದೇನೆ. ನನಗೂ ಜ್ವರ, ದುಡ್ಡು ಹಾಳಾಗುತ್ತಲ್ಲ ಎಂಬ ಸಂಕಟ. ಗೆಳೆಯನೊಬ್ಬನಿಗೆ ನನ್ನ ನಂಬರ್ ಕೊಟ್ಟೆ. ಬೆಳಗ್ಗೆ ಒಂಬತ್ತಕ್ಕೆ ಮನೆಗೆ ಫೋನ್. ಹೆಂಡತಿ ಎತ್ತಿದಳು. 'ನಿಮ್ಮ ಯಜಮಾನರು ಬಿದ್ದಿದ್ದಾರೆ, ಪ್ರಜ್ಞೆ ಇಲ್ಲ.' ಅವಳು ಫೋನ್ ಹಿಡಿದುಕೊಂಡೇ ಬಾಗಿಲ ಹತ್ತಿರ ಬಂದು, ಕಂಬಳಿಯೊಳಗೆ ಕೆಮ್ಮುತ್ತಿದ್ದ ನನ್ನನ್ನು ನೋಡಿದಳು. ಆ ನೋಟ ಇನ್ನೂ ಮರೆತಿಲ್ಲ. ಅಲ್ಲಿ ಆಂಬುಲೆನ್ಸಿನಲ್ಲಿ ಮಲಗಿದ್ದವನ ಬೆನ್ನಿಗೆ ನನ್ನ ಹೆಸರು, ನನ್ನ ರಕ್ತದ ಗುಂಪು. ಅವನ ಗುಂಪೇ ಬೇರೆ. ಪುಣ್ಯಕ್ಕೆ ರಕ್ತ ಕೊಡುವ ಪ್ರಸಂಗ ಬರಲಿಲ್ಲ. ಅವನ ಮನೆಯವರ ನಂಬರ್ ಹುಡುಕಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು.

ತಮ್ಮ ಹೋಗಬೇಕೆಂದರೆ ಆಯೋಜಕರಿಗೆ ಹೇಳಿ ಹೆಸರು ಬದಲಿಸಿ. ಬಹಳ ಕಡೆ ಒಂದು ಗಡುವಿನವರೆಗೆ ಬದಲಿಸಿಕೊಡುತ್ತಾರೆ.

ಪ್ರಶ್ನೆ: ಫೀ ಕಟ್ಟದೆ ಗುಂಪಿನ ಜೊತೆ ತುಳಿದರೆ ಯಾರು ಏನು ಮಾಡುತ್ತಾರೆ?

ಏನೂ ಮಾಡುವುದಿಲ್ಲ. ಮೇಜಿನ ಮೇಲಿನ ಕೊನೆಯ ನೀರಿನ ಬಾಟಲಿ ನೀವು ಎತ್ತಿಕೊಂಡರೆ, ಮೇಲಿನ ಐವತ್ತೆಂಟರ ಅಮ್ಮನಿಗೆ ಇರುವುದಿಲ್ಲ ಅಷ್ಟೇ.

ಪ್ರಶ್ನೆ: ಮುಂದಿನ ವಾರ ನನ್ನ ಮೊದಲ ಈವೆಂಟ್. ಹೊಸ ಟೈರ್, ಹೊಸ ಸೀಟು, ಹೊಸ ಶೂ ಎಲ್ಲ ತಂದಿದ್ದೇನೆ. ಇನ್ನೇನು ಬೇಕು?

ಮೂರನ್ನೂ ಮನೆಯಲ್ಲಿ ಬಿಡಿ. ಹಳೇ ಸೀಟು, ಹಳೇ ಶೂ ಹಾಕಿಕೊಳ್ಳಿ. ಟೈರ್ ಮಾತ್ರ ಸವೆದು ಹೋಗಿದ್ದರೆ ಇವತ್ತೇ ಬದಲಿಸಿ, ಒಂದೆರಡು ದಿನ ತುಳಿದು ನೋಡಿ.

ಬೇಕಾದದ್ದು ನಾಲ್ಕು ಸೇಫ್ಟಿ ಪಿನ್. ಅವರು ಕೊಡುತ್ತಾರೆ, ಆದರೆ ಬಹಳ ಸಲ ಎರಡೇ ಇರುತ್ತವೆ. ಜರ್ಸಿಯನ್ನು ಮೈಮೇಲೆ ಹಾಕಿಕೊಂಡು, ಹ್ಯಾಂಡಲ್ ಹಿಡಿದವರ ಹಾಗೆ ಬಗ್ಗಿ, ಬೇರೆಯವರ ಕೈಲಿ ಚುಚ್ಚಿಸಿ. ನೇರ ನಿಂತು ಚುಚ್ಚಿದರೆ ಬಗ್ಗಿದಾಗ ಚೀಟಿ ಎಳೆದು ಹರಿಯುತ್ತದೆ. ಎರಡೇ ಪಿನ್ ಹಾಕಿದರೆ ಕೆಳಗಿನ ಅಂಚು ಗಾಳಿಗೆ ಪಟಪಟ ಎಂದು ನೂರು ಕಿಲೋಮೀಟರೂ ಬಡಿದುಕೊಳ್ಳುತ್ತದೆ. ಜೇಬು ಮುಚ್ಚಿ ಹೋಗಿಲ್ಲ ತಾನೇ ಅಂತ ಕೈ ಹಾಕಿ ನೋಡಿ. ನಾನು ಒಮ್ಮೆ ಜೇಬಿನ ಬಾಯಿಯನ್ನೇ ಸೇರಿಸಿ ಚುಚ್ಚಿಸಿಕೊಂಡಿದ್ದೆ. ಬಾಳೆಹಣ್ಣು ಒಳಗೇ ಇತ್ತು, ಫಿನಿಷ್ ತನಕ.